ಇಟ್ಟಿಗೆಯ ಕೆಂಪು

ಚೋಶಿಯಿಂದ ಮೊದಲ ರೈಲು ಹಿಡಿದು
ಚೀಬಾದಲ್ಲಿ ಬದಲಿಸಿ ಬಂದಿದ್ದೇನೆ, ಮಕುಹಾರಿಗೆ,
ಹತ್ತೊಂಬತ್ತನೆಯ ಸಲ.
ಕೊಳ್ಳುವುದಕ್ಕಲ್ಲ, ಮುಟ್ಟುವುದಕ್ಕೆ.
ಕತ್ತಿನ ಬಿಲ್ಲೆಯಲ್ಲಿ ಹೆಸರು: ಉನೋಕಿ ಸೇಜಿ.
ಕಸುಬು: ಮದುವೆ ವಿಡಿಯೊ, ಶಾಲೆಯ ಆಟೋಟ,
ಕೇಳಿದರೆ ಶವಸಂಸ್ಕಾರವೂ.

ಬಾಗಿಲಲ್ಲೇ ಒಂದು ಚೀಲ ಕೊಟ್ಟರು,
ಚೀಲದೊಳಗೆ ಇನ್ನೊಂದು ಚೀಲ,
ಅದರೊಳಗೆ ಕಾಗದ, ಕಾಗದದ ತುಂಬ ಸೊನ್ನೆ.
ಮೊನ್ನೆ ಮೊನ್ನೆ ನಾಲ್ಕು ಸಾವಿರ ಗೆರೆ ಅಂದರು, ಈಗ ಎಂಟು.
ನಮ್ಮೂರಿನ ಮದುಮಕ್ಕಳ ಮುಖದಲ್ಲಿ
ಅಷ್ಟು ಗೆರೆ ಹುಡುಕಿದರೂ ಸಿಗವು.
(ಅಪ್ಪಂದಿರ ಮುಖದಲ್ಲಿ ಸಿಕ್ಕಾವು, ಬಿಲ್ಲು ಕೊಟ್ಟ ಮೇಲೆ.)

ನೆಲದ ತುಂಬ ಕೇಬಲ್ಲು,
ಅದರ ಮೇಲೆ ಹಳದಿ ಅಂಟುಪಟ್ಟಿ, ಪಟ್ಟಿಯ ಮೇಲೆ ಹೊಳೆವ ಬೂಟು.
ಕ್ರೇನೊಂದು ಕೊಕ್ಕರೆಯಂತೆ ಕತ್ತು ಬಗ್ಗಿಸಿ
ಯಾರದೋ ಊಟದ ಡಬ್ಬಿ ನೋಡಿ ಮೇಲೆದ್ದಿತು.

ಆರನೆಯ ಹಾಲಿನ ಮೂಲೆಯಲ್ಲಿ ಅವಳು
ಹೆಣೆಯುತ್ತ ಕೂತಿದ್ದಾಳೆ, ಕೆಂಪು ಉಣ್ಣೆ.
ಪಕ್ಕಕ್ಕೆ ಗಾಜಿನ ಹೂಜಿ, ಬಟ್ಟಲಲ್ಲಿ ಕಾಕಿ ಹಣ್ಣು,
ಎಲ್ಲ ನೋಡಿಸಿಕೊಳ್ಳಲೆಂದೇ ಇಟ್ಟವು. ಅವಳೂ.
ಎದುರಿಗೆ ಸಾಲಾಗಿ ಹನ್ನೊಂದು ಕ್ಯಾಮೆರಾ.
ಬಂದವರು ಬಂದಂತೆ ಅವಳನ್ನು ಹತ್ತಿರಕ್ಕೆಳೆದು,
ದೂರ ತಳ್ಳಿ, ಮಸುಕುಗೊಳಿಸಿ, ತಿಳಿಗೊಳಿಸಿ,
ಮಾರುವ ಹುಡುಗನಿಗೆ ತಲೆಬಾಗಿ
ಮುಂದಿನ ಮಳಿಗೆಗೆ ಹೊರಟರು.

ನನ್ನ ಸರದಿ.
ನಲವತ್ತು ವರ್ಷ ಈ ಎಡಗೈ ಲೆನ್ಸಿನ ಬಳೆ ತಿರುಗಿಸಿದೆ.
ಮದುಮಗಳು ಬಾಗಿಲಿಂದ ಬಂದು ಕೂರುವಷ್ಟರಲ್ಲಿ
ಎಷ್ಟು ತಿರುಗಬೇಕೆಂದು ಮಣಿಕಟ್ಟಿಗೇ ಗೊತ್ತು.
ಇಲ್ಲಿ ತಿರುಗಿಸಲು ಏನೂ ಇಲ್ಲ.
ಹಸಿರು ಚೌಕವೊಂದು ತಾನೇ ಹಾರಿ ಹೋಗಿ
ನೊಣದಂತೆ ಅವಳ ಕಣ್ಣ ಮೇಲೆ ಕೂತಿತು.
ಅವಳು ತಲೆ ತಗ್ಗಿಸಿದರೆ ಅದೂ ತಗ್ಗಿತು.

"ಕೈ ಬಿಡಿ, ಅದಕ್ಕೆ ಎಲ್ಲ ಗೊತ್ತು," ಅಂದ ಹುಡುಗ, ಮೆತ್ತಗೆ.
ಬಿಟ್ಟೆ. ಬಿಟ್ಟ ಕೈಯನ್ನು ಎಲ್ಲಿಡಲಿ?
ಜೇಬಿಗೆ ಹಾಕಿಕೊಂಡೆ.

ಪರದೆಯಲ್ಲಿ ಅವಳ ತೋರುಬೆರಳು:
ಕಡ್ಡಿ ಒತ್ತಿ ಒತ್ತಿ ಜಡ್ಡುಗಟ್ಟಿದ ತುದಿ.
ಕೆಳಗೆ, ನಾಲ್ಕು ಸಾಲಿನಾಚೆ, ಜಾರಿಹೋದ ಒಂದು ಕುಣಿಕೆ.
ಚಿತ್ರದೊಳಗಿನವರ ಜೊತೆ ಮಾತಾಡುವ ರೂಢಿ ಇಲ್ಲಿಲ್ಲ.
ಆದರೂ ಹೇಳಿದೆ.

ಅವಳು ನಕ್ಕಳು.
"ಮೂರು ದಿನದಲ್ಲಿ ಹೆಣಿಗೆ ನೋಡಿದವರು ನೀವೇ ಮೊದಲು."
ಬಿಲ್ಲೆ ಅವಳಿಗೆ ಕೊಟ್ಟಿರಲಿಲ್ಲ. ಕೇಳಿದ್ದಕ್ಕೆ ಮಿಯೋಕೊ ಅಂದಳು.
"ನನಗೂ ಸ್ವಲ್ಪ ತೋರಿಸಿ.
ಎಲ್ಲ ಪರದೆಗಳ ಬೆನ್ನೇ ನನ್ನ ಕಡೆ."

ಹುಡುಗ ಅತ್ತಿತ್ತ ನೋಡಿ,
ತಂತಿ ಸೆಟೆಯುವಷ್ಟು ಮಾನಿಟರ್ ತಿರುಗಿಸಿದ.
ಅವಳು ತನ್ನ ಮುಖ ನೋಡಿಕೊಳ್ಳಲಿಲ್ಲ.
ಉಣ್ಣೆಯುಂಡೆಯನ್ನು ಎತ್ತಿ ಗಾಜಿನ ಪಕ್ಕ ಹಿಡಿದಳು.
"ಇದು ಆ ಕೆಂಪಲ್ಲ.
ನಂದು ಇಟ್ಟಿಗೆ. ನಿಮ್ಮದು ಟೊಮೆಟೊ."
"ನೂರು ಕೋಟಿ ಬಣ್ಣ ಇದೆ ಇದರಲ್ಲಿ."
"ಇರಬಹುದು. ಈ ಒಂದಿಲ್ಲ."

ಹುಡುಗ ಮೆನುವಿನೊಳಗೆ ಇಳಿದ, ಅದರೊಳಗಿನ ಮೆನುವಿಗೆ,
ಕಿವಿಯ ತುದಿ ಅವನದೂ ಟೊಮೆಟೊ.
ನಾವು ಮೂವರೂ ಬಗ್ಗಿ ಒಂದು ಉಂಡೆ ಉಣ್ಣೆಗಾಗಿ
ಇಷ್ಟು ತಿಳಿ, ಇಷ್ಟು ಗಾಢ, ಸಾಕು, ಇಲ್ಲ, ಹಿಂದೆ, ಅಂದುಕೊಳ್ಳುತ್ತಿರುವಾಗ
ಸಾಲು ಬೆಳೆದು ಕಂಬ ಸುತ್ತಿತು.

ಹೊರಡುವ ಮುನ್ನ ಕೇಳಿದೆ:
ಅವರದೊಂದು ತುಣುಕು ಸಿಗುತ್ತದೆಯೆ, ನಕ್ಕದ್ದು?
ಹುಡುಗ ಪಕ್ಕದ ಮುಚ್ಚಳ ತೆರೆದು ತೋರಿಸಿದ.
ಖಾಲಿ. ಹನ್ನೊಂದರಲ್ಲೂ.
ಕಾರ್ಡೇ ಹಾಕಿರಲಿಲ್ಲ.

ಚೋಶಿಗೆ ಬಂದಾಗ ರಾತ್ರಿ, ಗಾಳಿಯಲ್ಲಿ ಸೋಯಾ ವಾಸನೆ.
ನೇರ ಮನೆಗೆ ಹೋಗದೆ
ಹಳೆಯ ಉಗ್ರಾಣದ ಇಟ್ಟಿಗೆ ಗೋಡೆಯೆದುರು ನಿಂತೆ.
ಬೀದಿದೀಪ ಎಲ್ಲವನ್ನೂ ಅರಿಸಿನ ಮಾಡಿತ್ತು.
ಜೇಬಿನಿಂದ ಕೈ ತೆಗೆದು ಸವರಿದೆ: ತರಿ ತರಿ, ಒದ್ದೆ.
ಬಣ್ಣ ಬೆಳಿಗ್ಗೆ ನೋಡಬೇಕು.