ಗುಡಿಸುವ ವಾರ

ಬಾಗಿಲ ಹಿಡಿಗೆ ನೇತುಬಿದ್ದ ಆ ಮರದ ಹಲಗೆ
ಅಲಂಕಾರಕ್ಕಲ್ಲ, ಫ್ರಾವ್ ಟ್ರೆವಾಸ್ಕಿಸ್,
ನೀವು ಬಂದ ದಿನವೇ ಹೇಳಿದ್ದೆ.
ಹಲಗೆ ಯಾರ ಬಾಗಿಲಲ್ಲೋ ಪೊರಕೆ ಅವರ ಕೈಯಲ್ಲಿ.
ಮೆಟ್ಟಿಲು, ಕಂಬಿ, ಕಿಟಕಿಯ ಅಂಚು,
ನೆಲಮಾಳಿಗೆಗೆ ಇಳಿಯುವ ಹಾದಿ,
ಶನಿವಾರ ಕತ್ತಲಾಗುವುದರೊಳಗೆ.
ನೀವು ನಕ್ಕಿರಿ. "ಕಸವೇ ಇಲ್ಲವಲ್ಲ" ಅಂದಿರಿ.
ಕಸವಿಲ್ಲದ್ದು ಹೋದ ವಾರದವರ ಪುಣ್ಯ,
ನಿಮ್ಮದನ್ನು ನೀವು ಸಂಪಾದಿಸಬೇಕು.

ಕಾರ್ನ್‌ವಾಲಿನ ಕಡಲ ಗಾಳಿ ಕುಡಿದು ಬೆಳೆದವರಿಗೆ
ಎಸ್ಲಿಂಗೆನ್ನಿನ ಈ ಮೂರು ಮಹಡಿ
ಶಾಲೆಯಂತೆ ಕಂಡಿರಬೇಕು, ನಾನು ಬೆತ್ತ ಹಿಡಿದವಳಂತೆ.
ಭಾನುವಾರ ಗೋಡೆಗೆ ಮೊಳೆ ಹೊಡೆದಿರಿ,
ಇಳಿದು ಬಂದೆ.
ಮುಂದಿನ ಭಾನುವಾರ ಖಾಲಿ ಬಾಟಲಿಗಳನ್ನು
ಬೀದಿಯ ತೊಟ್ಟಿಗೆ ಝಲ್ಲೆಂದು ಸುರಿದಿರಿ,
ಕೋಟು ಹಾಕಿಕೊಂಡು ಇಳಿದು ಬಂದೆ.
ಏಳನೆಯ ದಿನ ದೇವರೇ ಸುತ್ತಿಗೆ ಕೆಳಗಿಟ್ಟನಂತೆ,
ನಿಮ್ಮದೇನು ಅಂಥ ಅವಸರ?

ನನ್ನ ಹುಟ್ಟುಹಬ್ಬಕ್ಕೆ ಮುನ್ನಾದಿನವೇ ಹೂ ತಂದಿರಿ.
ಮುಖ ಸಿಂಡರಿಸಿದೆ, ಅದು ನಿಮ್ಮ ಮೇಲಲ್ಲ.
ದಿನ ಬರುವ ಮೊದಲೇ ಹರಸಿದರೆ
ಆ ದಿನ ಬಾರದೆ ಹೋದೀತೆಂದು ನಮ್ಮಲ್ಲೊಂದು ಭಯ;
ಎಪ್ಪತ್ತೆಂಟಕ್ಕೆ ಅದು ಸಣ್ಣ ಭಯವಲ್ಲ.
ಹೂವನ್ನು ಮಾತ್ರ ನೀರಿಗಿಟ್ಟೆ.

ಜನವರಿಯಲ್ಲಿ ಕಿಟಕಿಗಳನ್ನೆಲ್ಲ ಹಾರುಹೊಡೆದು ನಿಂತಿದ್ದಾಗ
"ಚಳಿಯಾಗದೆ ನಿಮಗೆ?" ಎಂದು ಕೇಳಿದ್ದಿರಿ.
ಹಳೆಯ ಉಸಿರು ಹೊರಗೆ ಹೋಗಲಿ ಅಂದೆ.
ಎಗೊನ್ ಸತ್ತ ರಾತ್ರಿಯೂ ಹಾಗೇ ತೆರೆದಿಟ್ಟಿದ್ದೆ.
ಅದನ್ನು ಅಂದು ಹೇಳಲಿಲ್ಲ.

ಮತ್ತೆ ಆ ಮೊದಲ ದಿನ, ಕೈ ಕುಲುಕುತ್ತಲೇ,
"ಮೊರ್ವೆನ್ನಾ ಅನ್ನಿ ಸಾಕು" ಅಂದಿರಲ್ಲ,
ನನ್ನ ಬೆನ್ನು ಸೆಟೆಯಿತು.
ನಿಮ್ಮ ಮಾತಿನಲ್ಲಿ ರಾಣಿಗೂ ನಾಯಿಗೂ ಒಂದೇ ಪದವಂತೆ.
ನಮ್ಮಲ್ಲಿ ಎರಡು.
'ನೀನು' ದೇವರಿಗೆ, ಮಗುವಿಗೆ, ಬೆಕ್ಕಿಗೆ,
ಗಂಡನಿಗೆ (ಅವನನ್ನೂ ಒಂದು ಚಳಿಗಾಲ ಕಾಯಿಸಿ).
ಉಳಿದವರಿಗೆಲ್ಲ 'ನೀವು', ಎದೆಮಟ್ಟದ ಬೇಲಿ;
ಅದರ ಮೇಲಿಂದ ಮಾತಾಡಬಹುದು, ಸೇಬು ದಾಟಿಸಬಹುದು.
ಎದುರುಮನೆಯ ಫ್ರಾವ್ ಕ್ನೋಡ್ಲರ್ ಜತೆ
ಮೂವತ್ತೊಂದು ವರ್ಷ 'ನೀವು' ಎಂದೇ ಜಗಳವಾಡಿದೆ,
'ನೀವು' ಎಂದೇ ಅವರನ್ನು ಮಣ್ಣು ಮಾಡಿ ಬಂದೆ.

ಇರಲಿ. ಇದನ್ನು ಹೇಳಲು ಕರೆದದ್ದಲ್ಲ.

ಸೊಂಟ ಮುರಿದು ಆಸ್ಪತ್ರೆಯಲ್ಲಿ ಐದು ವಾರ.
ಹಲಗೆ ನನ್ನ ಬಾಗಿಲಲ್ಲೇ ಉಳಿದುಬಿಟ್ಟಿತ್ತು,
ಮುಂದಿನವರಿಗೆ ದಾಟಿಸಲು ನಾನಿರಲಿಲ್ಲ.
ಮೂಳೆಗಿಂತ ಅದೇ ಚುಚ್ಚುತ್ತಿತ್ತು, ನಂಬಿ:
ಮೆಟ್ಟಿಲ ಮೇಲೆ ಧೂಳು ಕೂರುತ್ತಿದೆ, ನನ್ನ ಹೆಸರಲ್ಲಿ.
ಇಂದು ಊರುಗೋಲಲ್ಲಿ ಹತ್ತಿ ಬಂದರೆ
ಹಲಗೆ ಇದ್ದಲ್ಲೇ ಇದೆ, ಮೆಟ್ಟಿಲು ಮಿರಿಮಿರಿ.
ಮೇಲಿನ ಮನೆಯ ಹುಡುಗ ಬಾಯಿಬಿಟ್ಟ:
ಶನಿವಾರ ಶನಿವಾರ ನೀವೇ,
ರಾತ್ರಿ ಪಾಳಿ ಮುಗಿಸಿ, ನಿದ್ದೆಗಣ್ಣಲ್ಲಿ, ಬಕೆಟ್ಟು ಹಿಡಿದು.
ಹಲಗೆಯನ್ನು ನಿಮ್ಮ ಬಾಗಿಲಿಗೆ ಒಯ್ಯಲಿಲ್ಲ.
ಒಯ್ದಿದ್ದರೆ ಆ ಕೆಲಸ ನಿಮ್ಮದಾಗುತ್ತಿತ್ತು.

ಮೂಲೆಗಳನ್ನು ಬಿಟ್ಟಿದ್ದೀರಿ.
ನೋಡಿದೆ. ಎಲ್ಲ ಮೂಲೆಗಳನ್ನೂ.

ಹಿಡಿಯಿರಿ. ಪ್ಲಮ್ ಹಣ್ಣಿನ ಸಾರಾಯಿ,
ಎಗೊನ್ ಇಳಿಸಿದ್ದರಲ್ಲಿ ಕೊನೆಯ ಬಾಟಲಿ.
ಲೋಟ ತಾಗಿಸುವಾಗ ಲೋಟ ನೋಡಬಾರದು, ಕಣ್ಣು ನೋಡಬೇಕು.
ತಡೆಯಿರಿ, ಕುಡಿಯಬೇಡಿ,
ಹಿರಿಯಳಾದವಳೇ ಮೊದಲು ಹೇಳಬೇಕಾದ್ದು ಇದು:
ನನ್ನ ಹೆಸರು ವಾಲ್ಬುರ್ಗಾ.

ಏನು ಹಾಗೆ ನೋಡುತ್ತ ನಿಂತೆ, ಮೊರ್ವೆನ್ನಾ?
ಕದ ಹಾಕು. ಶೂ ಬಿಚ್ಚು.
ಬ್ರೆಡ್ಡು ಕೊಯ್ದಿಟ್ಟಿದ್ದೇನೆ, ಉಪ್ಪಿನ ಸೌತೆ ಇದೆ;
ರಾತ್ರಿಯೂಟ ನಮ್ಮಲ್ಲಿ ತಣ್ಣಗೇ,
ಗೊತ್ತಲ್ಲ ನಿನಗೆ.