ಎರಡೂವರೆ

ಪಡುಕೆರೆಯ ಹೊಯಿಗೆಯಲ್ಲಿ ನಾಲ್ಕು ಪಾಲು ಬಂಗುಡೆ:
ಹೊಯಿಗೆ ಮೇಲೆ ಉಪ್ಪು ಕಮ್ಮಿ, ಹೊಯಿಗೆ ಮೇಲೆ ಉಪ್ಪು ಜಾಸ್ತಿ,
ಬಿದಿರಟ್ಟದ ಮೇಲೆಯೂ ಹಾಗೇ ಎರಡು.
ಯಾವ ಮೀನು ಎಲ್ಲಿಗೆಂದು ಚೀಟಿ ಎತ್ತಿದೆ.
ವಾರಿಜಕ್ಕ ನಕ್ಕರು: "ಮೀನಿಗೂ ಲಾಟರಿಯಾ ಮಾರಾಯ್ತಿ?"
ಇಲ್ಲದಿದ್ದರೆ ದಪ್ಪದ್ದೆಲ್ಲ ಅಟ್ಟ ಸೇರುತ್ತಿತ್ತು ಅಕ್ಕ,
ಆಮೇಲೆ ಹೊಗಳಿಕೆ ಅಟ್ಟಕ್ಕೋ ಮೀನಿಗೋ
ಯಾರು ಹೇಳುವುದು?

ಮೂರು ಬಿಸಿಲು. ಕಾಗೆ ಓಡಿಸಲು ಹರಿದ ಬಲೆ.
ನಾಲ್ಕನೆಯ ದಿನ ಕೆಂಡದಲ್ಲಿ ಸುಟ್ಟು
ಗಂಜಿಯ ಜೊತೆ ಐವರು ಹೆಂಗಸರಿಗೆ ಬಡಿಸಿದೆ,
ಯಾವುದು ಎಲ್ಲಿಯದೆಂದು ಹೇಳದೆ,
ಹತ್ತಕ್ಕೆ ಎಷ್ಟು ಕೊಡುತ್ತೀರಿ ಎಂದು ಮಾತ್ರ ಕೇಳಿ.
ಐವರದ್ದನ್ನೂ ಕೂಡಿ ಭಾಗಿಸಿದಾಗ

ಹೊಯಿಗೆ, ಕಮ್ಮಿ ಉಪ್ಪು: ಮೂರು.
ಹೊಯಿಗೆ, ಜಾಸ್ತಿ ಉಪ್ಪು: ಎಂಟು.
ಅಟ್ಟ: ಏಳು. ಮತ್ತೆ ಏಳು.

ರೂಲುಪಟ್ಟಿ ಇಟ್ಟು ಗೆರೆ ಎಳೆದೆ, ನಾಲ್ಕು ಮನೆ.
ಮುಖ್ಯ ಪರಿಣಾಮ ಎಂಬುದು ಮನೆಯೊಳಗೆ ಕೂತಿರುವುದಿಲ್ಲ,
ಅಂಚಿಗೆ ಬಂದು ಹುಡುಕಬೇಕು.
ಎಲ್ಲಿ ಒಣಗಿತೆಂಬುದನ್ನು ಒಂದು ಗಳಿಗೆ ಮರೆತರೆ
ಕಮ್ಮಿ ಉಪ್ಪಿಗೆ ಐದು, ಜಾಸ್ತಿಗೆ ಏಳೂವರೆ.
ನಡುವೆ ಎರಡೂವರೆ.
ಉಪ್ಪನ್ನು ಮರೆತರೆ
ಹೊಯಿಗೆಗೆ ಐದೂವರೆ, ಅಟ್ಟಕ್ಕೆ ಏಳು.
ನಡುವೆ ಬರೀ ಒಂದೂವರೆ.

ಉಪ್ಪೇ ದೊಡ್ಡದು ಅಕ್ಕ, ಎಂದೆ, ಗೆದ್ದವಳ ಹಾಗೆ.

ಅವರು ಸೆರಗಿನಂಚಿಗೆ ಕೈ ಒರೆಸಿ
ಹಾಳೆಯನ್ನು ಬೆಳಕಿಗೆ ಹಿಡಿದರು.
ನಲವತ್ತು ವರ್ಷ ಮೀನು ತೂಗಿದ ಕಣ್ಣು,
ಅಂಕಿ ಅದಕ್ಕೆ ಹೊಸದಲ್ಲ.
"ಈ ಎರಡೂವರೆ ಎಲ್ಲಿ ಉಂಟು? ತೋರಿಸು ನೋಡುವ."

ಹೊಯಿಗೆಯಲ್ಲಿ ಹುಡುಕಿದೆ: ಮೂರರಿಂದ ಎಂಟಕ್ಕೆ, ಐದು.
ಅಟ್ಟದಲ್ಲಿ ಹುಡುಕಿದೆ: ಸೊನ್ನೆ.
ಎರಡೂವರೆ ಯಾರ ಅಂಗಳದಲ್ಲೂ ಒಣಗಿರಲಿಲ್ಲ.
ಐದೂ ಸೊನ್ನೆಯೂ ನನ್ನ ಪೆನ್ಸಿಲಿನಲ್ಲಿ ಸಂಧಿಸಿ
ಹುಟ್ಟಿದ ಮಗು ಅದು.

"ಅಟ್ಟ ಇದ್ದವರಿಗೆ ಒಂದು ಮುಷ್ಟಿ ಸಾಕು ಮಗಾ.
ನಮಗೆ ಇರುವುದು ಹೊಯಿಗೆ."

ರಾತ್ರಿ ಹಾಸ್ಟೆಲಿನಲ್ಲಿ ಎರಡು ಗೆರೆ ಬರೆದೆ.
ಒಂದು ಅಲುಗದೆ ಮಲಗಿತ್ತು,
ಏಪ್ರಿಲ್ ಮಧ್ಯಾಹ್ನದ ಕಡಲಿನ ಹಾಗೆ.
ಇನ್ನೊಂದು ಅದನ್ನು ಕತ್ತರಿಸಿಕೊಂಡು ಮೇಲೇರಿತ್ತು,
ದಡಕ್ಕೆ ಎಳೆದ ದೋಣಿಯ ಮೂತಿ.
ಎರಡೂವರೆಯನ್ನು ಅಳಿಸಲಿಲ್ಲ, ಅದು ಸುಳ್ಳಲ್ಲ;
ಅದರ ಪಕ್ಕದಲ್ಲಿ ಈ ಚಿತ್ರ ಇಟ್ಟೆ,
ಒಂಟಿಯಾಗಿ ಓದಬಾರದು ಎಂದು ಬರೆದೆ.

ಮರುದಿನ ತೋರಿಸಲು ಹೋದಾಗ
ವಾರಿಜಕ್ಕ ಹೊಸ ಮೀನಿನ ಹೊಟ್ಟೆ ಸೀಳುತ್ತಿದ್ದರು.
ತಲೆ ಎತ್ತದೆ ಕೇಳಿದರು:
"ಉಪ್ಪಿನ ಗೋಣಿಗೆ ಈಗ ಎಷ್ಟು, ಅದು ಎಷ್ಟನೇ ಮನೆಯಲ್ಲಿ ಉಂಟು?"