ಪುಡಿಗೊಂದು ನ್ಯಾಯ

ಕರಿ ರೋಡ್ ಸ್ಟೇಷನ್ನಿನ ಹಿಂದೆ, ಹಳೆಯ ಗೋದಾಮಿನ ಎರಡನೇ ಮಾಳಿಗೆ.
ಕೊನೆಯ ಲೋಕಲ್ಲಿಗೆ ಇನ್ನು ನಲವತ್ತು ನಿಮಿಷ.
ತೆರೆಯ ಮೇಲೆ ನಮ್ಮ ಕೇರಂ ಹಲಗೆ:
ಕಾಯಿಗಳೆಲ್ಲ ನಿಂತಿವೆ,
ಉದುರಿಸಿದ ಬೋರಿಕ್ ಪುಡಿಯೂ ಕೂತಿದೆ.
ಆಗಲೇ ಫ್ಯಾನು ಏದುಸಿರು ಬಿಡುತ್ತದೆ,
ಅರವತ್ತಿದ್ದ ಫ್ರೇಮು ಹನ್ನೊಂದಕ್ಕೆ ಕುಸಿಯುತ್ತದೆ.

ಏನೂ ನಡೆಯದಿರುವಾಗ ಇಷ್ಟು ಆಯಾಸ ಯಾಕೆ?

ಶಿರೋಡ್ಕರ್ ಕಾಕಾ ಕನ್ನಡಕ ಹಣೆಗೇರಿಸಿದರು.
ಮೂವತ್ತು ವರ್ಷ ಚಾಳಿನ ಮೆಟ್ಟಿಲ ಕೆಳಗೆ ಪಳಗಿದ ಬೆರಳು;
ನಮ್ಮಲ್ಲಿ ಅವರ ಕೆಲಸ ಇಷ್ಟೇ: ಆಡಿ, ತಪ್ಪು ಹೇಳುವುದು.
ತೆರೆಗೆ ಕಿವಿಯಿಟ್ಟು (ನಿಜಕ್ಕೂ ಕಿವಿಯಿಟ್ಟು) ಅಂದರು:
"ಥಾಂಬ್ಲಂ ನಾಹೀ ಅಜೂನ್."
ನಿಂತಿಲ್ಲ ಇನ್ನೂ.

ಲೆಕ್ಕ ಬಿಚ್ಚಿ ನೋಡಿದೆ.
ಇಪ್ಪತ್ತು ಸಾವಿರ ಕಣ.
ಒಂದೊಂದರ ವೇಗದಲ್ಲೂ ಪ್ರತಿ ಫ್ರೇಮಿಗೆ
ನೂರಕ್ಕೆರಡು ಪಾಲು ಕಳೆ ಎಂದು
ಬರೆದವಳು ನಾನೇ. ಕಳೆಯುತ್ತಲೇ ಇದೆ.
ಬಿಂದುವಿನ ಬಲಕ್ಕೆ ಮೂವತ್ತೆಂಟು ಸೊನ್ನೆ ದಾಟಿ,
ಹೊರಟೆ ಹೊರಟೆ ಎನ್ನುತ್ತ
ಹೊಸ್ತಿಲಲ್ಲೇ ಮಾತಿಗೆ ನಿಂತ ನೆಂಟರ ಹಾಗೆ
ಇಲ್ಲವೂ ಆಗದೆ, ಇದೆಯೂ ಅನ್ನಿಸದೆ.
ಅಷ್ಟು ಸಣ್ಣದನ್ನು ಬೀಳಿಸದೆ ಒಯ್ಯಲು
ಪ್ರೊಸೆಸರ್ ಹೆದ್ದಾರಿ ಬಿಟ್ಟು ಗಲ್ಲಿಗಿಳಿಯುತ್ತದೆ,
ಬೊಗಸೆಯಲ್ಲಿ ಹಿಡಿದು, ಒಂದೊಂದಾಗಿ.

ಕಂಪೈಲರಿಗೆ ಒಂದು ಮಾತು ಹೇಳಿದೆ: ಬೇಗ ಮಾಡು.
ಮಾಡಿತು. ಸಣ್ಣದೆಲ್ಲ ಸೊನ್ನೆ.
ಫ್ಯಾನು ಮಲಗಿತು.

ಆದರೆ ನಿನ್ನೆಯ ಆಟವನ್ನು ಮತ್ತೆ ಓಡಿಸಿದರೆ
ಬಿದ್ದಿದ್ದ ರಾಣಿ ತೂತಿನ ಅಂಚಿನಲ್ಲೇ ಕೆಂಪಗೆ ಕೂತಿದೆ.
ಕಾಕಾ ಕುರ್ಚಿ ಹಿಂದೆ ತಳ್ಳಿದರು. ಮೋಸ ಅಂದರು.

ಮೋಸವಲ್ಲ, ಅದರ ತರ್ಕ ಸರಳ:
ಮೊದಲೆರಡು ಕೂಡಿ ಮೂರನೆಯದು ಸೇರಿಸಿದರೇನು,
ಕೊನೆಯೆರಡು ಕೂಡಿ ಮೊದಲನೆಯದು ಸೇರಿಸಿದರೇನು,
ಮೊತ್ತ ಒಂದೇ.
ಧಾರವಾಡದ ಶಾಲೆಯಲ್ಲಿ ನಾನೂ ಹಾಗೇ ಕಲಿತದ್ದು.
ಇಲ್ಲಿ ಹಾಗಲ್ಲ.
ದೊಡ್ಡದರ ಪಕ್ಕಕ್ಕೆ ಒಂಟಿಯಾಗಿ ಹೋದ ಸಣ್ಣದು
ಅಲ್ಲೇ ಅಳಿಸಿಹೋಗುತ್ತದೆ;
ಸಣ್ಣವು ಮೊದಲು ತಮ್ಮತಮ್ಮಲ್ಲಿ ಕೂಡಿಕೊಂಡರೆ
ಗುಲಗಂಜಿಯಷ್ಟು ಉಳಿಯುತ್ತದೆ.
ರಾಣಿ ಬೀಳುವುದಕ್ಕೆ ಅಷ್ಟೇ ಬೇಕಿತ್ತು.

ಪುಡಿಯನ್ನು ಬೇರೆ ಕಡತಕ್ಕೆ ಸರಿಸಿದೆ:
ಅಲ್ಲಿ ಅವಸರ ಇರಲಿ, ಸೊನ್ನೆ ಸೊನ್ನೆಯಾಗಲಿ.
ಕಾಯಿಗಳಿಗೆ ಮಾತ್ರ ನಾನು ಬರೆದ ಸಾಲು, ಬರೆದ ಕ್ರಮದಲ್ಲೇ.
ಪುಡಿಗೊಂದು ನ್ಯಾಯ, ಕಾಯಿಗೊಂದು ನ್ಯಾಯ.
ಎರಡು ಫ್ರೇಮು ಹೋದವು. ಹೋಗಲಿ.

ರಾಣಿ ಬಿತ್ತು.
"ಮತ್ತೆ ತೋರಿಸು" ಅಂದರು ಕಾಕಾ. ಮತ್ತೆ ಬಿತ್ತು.
ಏಳನೆಯ ಸಲಕ್ಕೆ ನನ್ನನ್ನು ನಂಬಿದರು,
ಲೋಕಲ್ಲು ಅಷ್ಟರಲ್ಲಿ ಹೋಗಿತ್ತು.

ಸೇತುವೆಯ ಮೇಲೆ ಟ್ಯಾಕ್ಸಿಗೆ ಕಾಯುತ್ತ
ಏನೂ ಮಾತಾಡದೆ ನಿಂತಿದ್ದರು.
ಪ್ಯಾಂಟಿನ ಜೇಬಿನೊಳಗೆ ಬೆರಳೊಂದು
ಇನ್ನೂ ಹೊಡೆಯುತ್ತಿತ್ತು.